ಬಣ್ಣ, ಕುಂದು, ವಟ್ಟ: ಹೊನ್ನಿನ ನಾಣ್ಯದ ಕಲೆಗೆ ಬೆಲೆ ಕಟ್ಟಿದವರು

(ಕನ್ನಡ ಸ್ನಾತಕೋತ್ತರ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದೆ.)

ನನ್ನ ದನಿ ಕೇಳಿಸ್ತಾ ಇದೆ ಅಂದುಕೊಳ್ತೇನೆ. ರೊಳ್ಳದ ಕಡೆ ಸಿಗ್ನಲ್ಲು ಆಂಧ್ರದ್ದೋ ಕರ್ನಾಟಕದ್ದೋ ಅಂತ ಫೋನಿಗೇ ತೀರ್ಮಾನ ಮಾಡೋಕಾಗಲ್ಲ. ನಡುವೆ ಕಡಿದುಹೋದರೆ ಸ್ವಲ್ಪ ಕಾಯಿರಿ, ಮತ್ತೆ ಬರ್ತೇನೆ.

ಈ ಪ್ರಬಂಧ ಹುಟ್ಟಿದ್ದು ನಮ್ಮ ಅಜ್ಜಿಯ ಕಾಸಿನ ಸರದಿಂದ. ಅದರಲ್ಲಿ ಏಳು ಕಾಸುಗಳಿವೆ, ಏಳೂ ಬ್ರಿಟಿಷ್ ಸವರನ್. ಒಂದು ಮುಖದಲ್ಲಿ ರಾಜನ ತಲೆ, ಇನ್ನೊಂದರಲ್ಲಿ ಕುದುರೆ ಏರಿ ಘಟಸರ್ಪವನ್ನು ತುಳಿಯುವ ಸೈಂಟ್ ಜಾರ್ಜ್. ಅಜ್ಜಿಯ ಬಾಯಲ್ಲಿ ಅದು ಕುದುರೆ ಕಾಸು. ಏಳರಲ್ಲಿ ಒಂದಕ್ಕೆ, 1911ರ ಐದನೇ ಜಾರ್ಜನ ಕಾಸಿಗೆ, ಕೊಂಡಿಯ ಹತ್ತಿರ ಸಾಸಿವೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಂಪು ಕಲೆ ಇದೆ. ಮನೆಯಲ್ಲಿ ದುಡ್ಡಿನ ಅಡಚಣೆ ಬಂದಾಗ ಆ ಒಂದು ಕಾಸನ್ನು ಬಿಡಿಸಿಕೊಂಡು ಹತ್ತಿರದ ಪೇಟೆಯ ಅಂಗಡಿಯೊಂದಕ್ಕೆ ಹೋದೆವು. ಅಂಗಡಿಯವರು ಭೂತಗನ್ನಡಿ ಹಿಡಿದು ನೋಡಿ, "ಕಲೆ ಬಿದ್ದೈತಮ್ಮಾ, ಒಳಗೆ ತಾಮ್ರ ಜಾಸ್ತಿ" ಅಂದು ಅರ್ಧ ಗ್ರಾಂ ಮುರಿದುಕೊಳ್ಳೋಕೆ ಹೊರಟರು. ಅಜ್ಜಿ ಕಾಸನ್ನು ಕಸಿದುಕೊಂಡು ಸೆರಗಿಗೆ ಕಟ್ಟಿಕೊಂಡರು. "ಬಂಗಾರಕ್ಕೆ ಯಾತರ ಕಲೆ? ನಮ್ಮತ್ತೆ ಕಾಲದಿಂದ ಇಂಗೇ ಐತೆ" ಅಂದರು. ದುಡ್ಡಿಗೆ ಬೇರೆ ದಾರಿ ಆಯ್ತು. ಆದರೆ ಪ್ರಶ್ನೆ ನನ್ನ ತಲೆಯಲ್ಲಿ ಉಳಿಯಿತು. ಎಂಟು ಗ್ರಾಮಿನ ಕಾಸಿನಲ್ಲಿ ಅರ್ಧ ಗ್ರಾಂ ಅಂದರೆ ರೂಪಾಯಿಗೆ ಒಂದಾಣೆ. ಒಂದು ಕೆಂಪು ಚುಕ್ಕೆಗೆ ಇಷ್ಟು ಬೆಲೆ ಕಟ್ಟೋ ಅಧಿಕಾರ ಯಾರದ್ದು, ಅದು ಎಲ್ಲಿಂದ ಬಂತು?

ಮೊದಲು ಕಲೆ ಅಂದರೇನು ಅಂತ ನೋಡೋಣ. ಅಪ್ಪಟ ಚಿನ್ನಕ್ಕೆ ಗಾಳಿ, ನೀರು, ಮಣ್ಣು ಏನೂ ಮಾಡುವುದಿಲ್ಲ. ಅದಕ್ಕೇ ಸಾವಿರ ವರ್ಷ ಹೂತಿಟ್ಟ ಹೊನ್ನು ತೊಳೆದರೆ ನಿನ್ನೆ ಟಂಕಿಸಿದ ಹಾಗೆ ಹೊಳೆಯುತ್ತದೆ. ಆದರೆ ಅಪ್ಪಟ ಚಿನ್ನ ಮೆತ್ತಗೆ. ಕೈಯಿಂದ ಕೈಗೆ ಓಡಾಡುವ ನಾಣ್ಯಕ್ಕೆ ಗಟ್ಟಿತನ ಬೇಕು, ಹಾಗಾಗಿ ತಾಮ್ರ, ಬೆಳ್ಳಿ ಬೆರೆಸುತ್ತಾರೆ. ಬಣ್ಣ ಕೆಡುವುದು ಈ ಬೆರಕೆಯಿಂದ. ಬೆಳ್ಳಿಗೆ ಗಂಧಕ ತಾಗಿದರೆ ಕಪ್ಪು, ತಾಮ್ರಕ್ಕೆ ಗಾಳಿ ತಾಗಿದರೆ ಕಂದು, ತೇವದ ಮಣ್ಣಲ್ಲಿ ಹಸಿರು ಕಿಲುಬು. ಸವರನ್‌ನಲ್ಲಿ ಹನ್ನೆರಡು ಪಾಲಿಗೆ ಹನ್ನೊಂದು ಪಾಲು ಚಿನ್ನ, ಉಳಿದ ಒಂದು ಪಾಲು ತಾಮ್ರ. ಕರಗಿಸುವಾಗ ತಾಮ್ರ ಎಲ್ಲಾ ಕಡೆ ಸಮನಾಗಿ ಬೆರೆಯದೆ ಎಲ್ಲೋ ಒಂದು ಕಣದಷ್ಟು ಗುಂಪಾಗಿ ನಿಂತಿದ್ದರೆ, ವರ್ಷಗಳು ಕಳೆದಂತೆ ಆ ಜಾಗ ಕೆಂಪಾಗುತ್ತದೆ. ಸಂಗ್ರಹಕಾರರು ಇದನ್ನು ತಾಮ್ರದ ಚುಕ್ಕೆ ಅನ್ನುತ್ತಾರೆ. ಇದರಿಂದ ಕಾಸಿನ ಒಟ್ಟು ಚಿನ್ನ ಒಂದು ವೀಸವೂ ಕಡಿಮೆಯಾಗುವುದಿಲ್ಲ. ಹನ್ನೆರಡರಲ್ಲಿ ಒಂದು ಪಾಲು ತಾಮ್ರ ಮೊದಲೇ ಲೆಕ್ಕದಲ್ಲಿದೆ, ಅದು ಎಲ್ಲಿ ಕೂತಿದೆ ಅನ್ನೋದಷ್ಟೇ ವ್ಯತ್ಯಾಸ.

ಹೆಚ್ಚು ಕಡಿಮೆ ಶುದ್ಧ ಚಿನ್ನದ ನಾಣ್ಯಕ್ಕೂ ಕೆಂಪು ಕಲೆ ಬರೋದುಂಟು. ಆಸ್ಟ್ರಿಯಾದ ಡುಕಾಟ್ ನಾಣ್ಯ ಸಾವಿರಕ್ಕೆ 986 ಪಾಲು ಚಿನ್ನ. ಅದರ ಮೇಲೂ ಕೆಂಪು ಕಲೆ ಎದ್ದು ವಿಜ್ಞಾನಿಗಳು ಪರೀಕ್ಷಿಸಿದಾಗ, ಬೆಳ್ಳಿ ಮತ್ತು ಗಂಧಕ ಕೂಡಿದ ತೆಳ್ಳನೆಯ ಪೊರೆ ಅದಕ್ಕೆ ಕಾರಣ ಅಂತ ತಿಳಿಯಿತು. ಈ ಅಧ್ಯಯನ 2004ರಲ್ಲಿ ಪ್ರಕಟವಾಗಿದೆ. ಅಂದರೆ ಕೆಂಪು ಕಂಡ ತಕ್ಷಣ ಒಳಗೆ ತಾಮ್ರ ಜಾಸ್ತಿ ಅನ್ನೋ ಮಾತು ಯಾವಾಗಲೂ ನಿಲ್ಲೋದಿಲ್ಲ.

ನಾನು ಸಾಹಿತ್ಯದ ವಿದ್ಯಾರ್ಥಿ, ರಸಾಯನಶಾಸ್ತ್ರ ನನ್ನ ಹೊಲವಲ್ಲ. ನನ್ನನ್ನು ಎಳೆದದ್ದು ಪದಗಳು. ಚಿನ್ನದ ಶುದ್ಧತೆಗೆ ನಮ್ಮ ಪ್ರಾಚೀನರು ಕೊಟ್ಟ ಹೆಸರೇ ವರ್ಣ, ಅಂದರೆ ಬಣ್ಣ. ನಾವು ಇವತ್ತು ಕ್ಯಾರೆಟ್ ಅನ್ನುವ ಕಡೆ ಅವರು ವರ್ಣ ಅಂದರು, ಮತ್ತು ಹದಿನಾರು ವರ್ಣವೆಂದರೆ ಪರಿಶುದ್ಧ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ಸುಮಾರು 850ರಲ್ಲಿ ಬರೆದ 'ಗಣಿತಸಾರಸಂಗ್ರಹ'ದಲ್ಲಿ ಬೇರೆ ಬೇರೆ ವರ್ಣದ ಚಿನ್ನಗಳನ್ನು ಕೂಡಿಸುವ ಲೆಕ್ಕಗಳಿಗೇ ಒಂದು ಭಾಗವಿದೆ. ಅದರ ಬಗೆ ತಿಳಿಯಲಿ ಅಂತ ನಾನೇ ಒಂದು ಲೆಕ್ಕ ಮಾಡಿಕೊಂಡಿದ್ದೇನೆ. ಹದಿನಾರು ವರ್ಣದ ಚಿನ್ನ ಮೂರು ತೂಕ, ಎಂಟು ವರ್ಣದ್ದು ಒಂದು ತೂಕ, ಎರಡನ್ನೂ ಒಂದೇ ಮೂಸೆಗೆ ಹಾಕಿ ಕರಗಿಸಿದರೆ ಬರೋದು ಎಷ್ಟು ವರ್ಣ? ಮೂರು ಹದಿನಾರಲ ನಲವತ್ತೆಂಟು, ಅದಕ್ಕೆ ಎಂಟು ಸೇರಿ ಐವತ್ತಾರು, ನಾಲ್ಕರಿಂದ ಭಾಗಿಸಿದರೆ ಹದಿನಾಲ್ಕು. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಈ ಗ್ರಂಥವನ್ನು ತೆಲುಗಿಗೆ ತಂದ. ಕನ್ನಡ ನಾಡಿನ ಲೆಕ್ಕ ತೆಲುಗಿಗೆ ಹೋದ ದಾರಿಯಲ್ಲಿ ನಮ್ಮಂಥ ಗಡಿಯ ಊರುಗಳು ಇದ್ದವಲ್ಲ ಅಂತ ನನಗೊಂದು ಸಣ್ಣ ಹೆಮ್ಮೆ.

ಶುದ್ಧತೆಗೆ ಬಣ್ಣ ಅಂತಲೇ ಹೆಸರಿಟ್ಟ ಮೇಲೆ ಬಣ್ಣ ಕೆಟ್ಟಿದ್ದು ಕಣ್ಣಿಗೆ ಕಂಡರೆ ಅದು ಬರೀ ಮೇಲಿನ ಕೊಳೆ ಅಂತ ಯಾರೂ ತಿಳಿಯೋದಿಲ್ಲ. ಸಂಸ್ಕೃತದ 'ಕಾಲಿಕಾ', ನಮ್ಮಲ್ಲಿ 'ಕಾಳಿಕೆ'ಯಾಗಿ ಬಂದದ್ದು, ಕಪ್ಪು ಎಂಬ ಅರ್ಥದ ಜೊತೆಗೆ ಚಿನ್ನದ ದೋಷ ಎಂಬ ಅರ್ಥವನ್ನೂ ಹೊತ್ತಿದೆ. ಕಾಳಿದಾಸ 'ರಘುವಂಶ'ದ ಆರಂಭದಲ್ಲೇ ಚಿನ್ನದ ಕಪ್ಪಿಗೆ 'ಶ್ಯಾಮಿಕಾ' ಎನ್ನುವ ಪದ ಬಳಸುತ್ತಾನೆ, ಅದು ಬೆಂಕಿಯಲ್ಲಿ ಗೊತ್ತಾಗುವ ವಿಷಯ ಅಂತಾನೆ. ಗಮನಿಸಿ: ಕಣ್ಣಲ್ಲಿ ಗೊತ್ತಾಗುತ್ತದೆ ಅಂತ ಅವನು ಹೇಳಲಿಲ್ಲ. ಕವಿಗೆ ಗೊತ್ತಿದ್ದ ಈ ವ್ಯತ್ಯಾಸ ಪೇಟೆಯಲ್ಲಿ ಸುಲಭವಾಗಿ ಮರೆತುಹೋಗುತ್ತದೆ.

ಇಲ್ಲಿ 'ಅರ್ಥಶಾಸ್ತ್ರ'ವನ್ನು ತರಲೇಬೇಕು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಪತ್ತೆ ಮಾಡಿ 1909ರಲ್ಲಿ ಅಚ್ಚು ಹಾಕಿಸಿದ ಗ್ರಂಥ ಅದು. ಅದರ ಎರಡನೇ ಅಧಿಕರಣದಲ್ಲಿ ಅಕ್ಷಶಾಲೆಯ ಸುವರ್ಣಾಧ್ಯಕ್ಷನ ಅಧ್ಯಾಯವಿದೆ. ನಮ್ಮ 'ಅಕ್ಕಸಾಲೆ' ಎಂಬ ಪದ ಈ ಅಕ್ಷಶಾಲೆಯಿಂದ ಬಂದದ್ದು ಅಂತ ವಿದ್ವಾಂಸರು ಹೇಳ್ತಾರೆ. ಕೌಟಿಲ್ಯನ ಪ್ರಕಾರ ತಾವರೆಯ ಕೇಸರದ ಬಣ್ಣದ ಚಿನ್ನ ಶ್ರೇಷ್ಠ, ಕೆಂಪು ಮಿಶ್ರಿತ ಹಳದಿ ಮಧ್ಯಮ, ಕೆಂಪು ಕೀಳು. ಬಿಳಿಚಿಕೊಂಡ ಚಿನ್ನವನ್ನು ನಾಲ್ಕರಷ್ಟು ಸೀಸ ಹಾಕಿ ಶುದ್ಧಿ ಮಾಡಬೇಕು. ನಮ್ಮ ಪೇಟೆಯ ಅಂಗಡಿಯವರು ಕೆಂಪು ಕಂಡು ಮುಖ ಸಿಂಡರಿಸಿದ್ದಕ್ಕೆ ಎರಡು ಸಾವಿರ ವರ್ಷದ ಹಿನ್ನೆಲೆ ಇದೆ ಅಂತ ಓದಿದಾಗ ಒಂದು ಕ್ಷಣ ನನಗೂ ಅಳುಕಾಯ್ತು.

ಆದರೆ ಅದೇ ಅಧ್ಯಾಯ ಇನ್ನೊಂದು ಮಾತನ್ನೂ ಹೇಳುತ್ತದೆ. ಇಂಗಳಿಕವನ್ನೋ, ಗೋಮೂತ್ರದಲ್ಲಿ ನೆನೆಸಿದ ಅನ್ನಭೇದಿಯಂಥ ವಸ್ತುವನ್ನೋ ಕೈಗೆ ಸವರಿಕೊಂಡು ಮುಟ್ಟಿದರೆ ಚಿನ್ನ ಬೆಳ್ಳಗಾಗುತ್ತದೆ ಅಂತ ಕೌಟಿಲ್ಯ ಎಚ್ಚರಿಸುತ್ತಾನೆ. ಅಂದರೆ ಪರೀಕ್ಷೆ ಮಾಡುವವನೇ ಕಲೆ ಹುಟ್ಟಿಸಬಲ್ಲ. ಚಿನ್ನ ತಂದವನಿಗೆ ಕಲೆ ತೋರಿಸಿ ಬೆಲೆ ಇಳಿಸುವುದು ರಾಜ್ಯ ಕಣ್ಣಿಡಬೇಕಾದ ಮೋಸಗಳ ಪಟ್ಟಿಯಲ್ಲಿ ಆಗಲೇ ಇತ್ತು. ಬಣ್ಣಗೇಡು ವಸ್ತುವಿನ ಗುಣವಾಗಿರಬಹುದು, ಕೈಚಳಕವೂ ಆಗಿರಬಹುದು. ಎರಡನ್ನೂ ಬಲ್ಲವನು ಒಬ್ಬನೇ, ಒರೆಗಲ್ಲು ಹಿಡಿದವನು. ನನ್ನ ಪ್ರಬಂಧದ ಗಂಟು ಇಲ್ಲಿದೆ. ಕಲೆಗಾಗಿ ಮುರಿದುಕೊಳ್ಳುವ ಹಣ ಕಳೆದುಹೋದ ಚಿನ್ನದ ಬೆಲೆ ಅಂತ ನಮಗೆ ಹೇಳುತ್ತಾರೆ. ಹೆಚ್ಚಿನ ಸಲ ಅದು ಅನುಮಾನದ ಬೆಲೆ. ಆ ಅನುಮಾನವನ್ನು ಪರಿಹರಿಸೋ ಸಾಧನ ಯಾರ ಕೈಯಲ್ಲಿಲ್ಲವೋ ಅವರೇ ಆ ಬೆಲೆ ತೆರುತ್ತಾ ಬಂದಿದ್ದಾರೆ.

ಈಗ ನಮ್ಮ ಸೀಮೆಗೆ ಬರ್ತೇನೆ. ಮಡಕಶಿರಾ ಸೀಮೆಯ ನಕ್ಷೆ ನೋಡಿದರೆ ಅದು ಕರ್ನಾಟಕದೊಳಗೆ ಚಾಚಿದ ನಾಲಿಗೆಯ ಹಾಗಿದೆ, ಮೂರು ಕಡೆ ತುಮಕೂರು ಜಿಲ್ಲೆ. ರೊಳ್ಳ ಈ ಸೀಮೆಯಲ್ಲಿದೆ. ಹತ್ತಿರದ ಹೇಮಾವತಿ, ಅಂದರೆ ಹಳೆಯ ಹೆಂಜೇರು, ನೊಳಂಬರ ರಾಜಧಾನಿ. ಇತ್ತ ಪೆನುಕೊಂಡ, 1565ರ ರಕ್ಕಸತಂಗಡಿ ಯುದ್ಧದ ಮೇಲೆ ವಿಜಯನಗರದ ಅರಸರು ನೆಲೆ ಕಂಡ ಊರು. ಅತ್ತ ಶಿರಾ, 1687ರಿಂದ 1757ರವರೆಗೆ ಮೊಗಲರ ಸುಬಾದ ಕೇಂದ್ರ. ಉತ್ತರಕ್ಕೆ ರಾಯದುರ್ಗ, ಗುತ್ತಿ, ಆದವಾನಿ. ಪಡುವಲಿಗೆ ಚಿತ್ರದುರ್ಗ. ಇಷ್ಟು ಅಧಿಕಾರಗಳ ನಡುವೆ ಬದುಕುವುದೆಂದರೆ ಇಷ್ಟೂ ಜನರ ನಾಣ್ಯಗಳ ನಡುವೆ ಬದುಕುವುದು.

ವಿಜಯನಗರದ ವರಾಹ ಸುಮಾರು 3.4 ಗ್ರಾಂ ತೂಗುತ್ತಿತ್ತು. ಅದರ ಅರ್ಧ ಪ್ರತಾಪ. ಅದಕ್ಕೂ ಕೆಳಗೆ ಬೆರಳ ತುದಿಗೆ ಅಂಟಿಕೊಳ್ಳುವಷ್ಟು ಪುಟ್ಟದಾದ ಹಣ. 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಈ ಮೂರನ್ನೂ ಹೆಸರಿಸಿ, ಇವು ಬೆರಕೆ ಸೇರಿದ ಚಿನ್ನದವು ಅಂತ ಸ್ಪಷ್ಟವಾಗಿ ಬರೆದಿದ್ದಾನೆ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿದ್ದದ್ದು ಹಣ ಅಂತಲೂ ಹೇಳುತ್ತಾನೆ. ಅದು ಎಷ್ಟು ಬಳಕೆಯಾಯ್ತು ಅಂದರೆ ನಾವಿಂದು ಕಾಗದದ ನೋಟಿಗೂ, ಫೋನಿನಲ್ಲಿ ಕಳಿಸುವ ದುಡ್ಡಿಗೂ ಹಣ ಅಂತಲೇ ಅನ್ನುತ್ತೇವೆ.

ಮುಂದೆ ಇಕ್ಕೇರಿಯ ನಾಯಕರು ಶಿವಪಾರ್ವತಿಯರ ವರಾಹ ಹೊರಡಿಸಿದರು. ಮೈಸೂರಿನ ರಣಧೀರ ಕಂಠೀರವ ನರಸರಾಜ ಒಡೆಯರು, 1638ರಿಂದ 1659ರವರೆಗೆ ಆಳಿದವರು, ನರಸಿಂಹನ ಚಿತ್ರದ ಕಂಠೀರಾಯ ಹಣ ಹೊರಡಿಸಿದರು. ಚಿತ್ರದುರ್ಗದ ಪಾಳೆಯಗಾರರದ್ದು ದುರ್ಗಿ ವರಾಹ. ಗುತ್ತಿಯ ಹೆಸರಿನ ವರಾಹವೊಂದಿತ್ತು. ಆದವಾನಿಗೆ ಮೊಗಲರು ಇಮ್ತಿಯಾಜ್‌ಗಢ ಅಂತ ಹೆಸರಿಟ್ಟು ಪರ್ಷಿಯನ್ ಅಕ್ಷರದ ವರಾಹ ಟಂಕಿಸಿದರು. ಹೈದರಾಲಿ ಇಕ್ಕೇರಿಯ ಶಿವಪಾರ್ವತಿಯರನ್ನು ಹಾಗೇ ಉಳಿಸಿಕೊಂಡು ಹಿಂಬದಿಗೆ ತನ್ನ ಹೆಸರಿನ ಮೊದಲಕ್ಷರ ಮಾತ್ರ ಹಾಕಿದ. ಜನ ನಂಬಿದ ಮುಖವನ್ನು ಯಾಕೆ ಕೆಡಿಸಬೇಕು ಅನ್ನುವ ಲೆಕ್ಕಾಚಾರ ಅದರಲ್ಲಿದ್ದಂತೆ ಕಾಣುತ್ತದೆ. ಟಿಪ್ಪು ಆ ಚಿತ್ರಗಳನ್ನು ಬಿಟ್ಟು ಅಹ್ಮದಿ, ಸಿದ್ದಿಕಿ, ಫಾರೂಕಿ ಅಂತ ಹೊಸ ಹೆಸರುಗಳನ್ನೇ ಕೊಟ್ಟ.

ಒಂದೊಂದರ ಬೆರಕೆ ಒಂದೊಂದು ಥರ. ಕಡಿಮೆ ಬಣ್ಣದ ಹಣ ಬೇಗ ಕಂದುತ್ತದೆ, ಹೆಚ್ಚು ಬಣ್ಣದ ವರಾಹ ಅಷ್ಟು ಬೇಗ ಕಂದುವುದಿಲ್ಲ. ಬೆವರಿನ ಸೊಂಟದ ಚೀಲದಲ್ಲಿ, ಹೊಗೆ ಹಿಡಿದ ಅಡುಗೆಮನೆಯ ಮಡಕೆಯಲ್ಲಿ, ಹಗೇವಿನ ಪಕ್ಕದ ನೆಲದಲ್ಲಿ ಹೂತಿಟ್ಟು ತೆಗೆದ ನಾಣ್ಯಕ್ಕೆ ಕಲೆ ಇಲ್ಲದಿದ್ದರೇ ಆಶ್ಚರ್ಯ. ಅದನ್ನು ರೈತ ಕಂದಾಯಕ್ಕೆ ತಂದಾಗ ಏನಾಗುತ್ತಿತ್ತು? ಸಂತೆಯಲ್ಲಿ ಚಿನಿವಾರ, ಕಚೇರಿಯಲ್ಲಿ ಪೋತದಾರ. ಇವರಿಬ್ಬರ ಕೆಲಸವೂ ಒಂದೇ: ನಾಣ್ಯ ನೋಡುವುದು, ತೂಗುವುದು, ಒರೆಗೆ ಹಚ್ಚುವುದು, ಇದಕ್ಕೆ ಇಷ್ಟು ವಟ್ಟ ಅಂತ ಹೇಳುವುದು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಬದಲಿಸುವಾಗ ಮುರಿದುಕೊಳ್ಳುವ ಮೊತ್ತವೇ ವಟ್ಟ. ಇವತ್ತು ವಾಣಿಜ್ಯದ ಪುಸ್ತಕದಲ್ಲಿ ರಿಯಾಯಿತಿಗೆ 'ವಟಾವು' ಅಂತ ಬರೀತೀವಲ್ಲ, ಅದು ಇದೇ ಮನೆತನದ್ದು. ಪತ್ರಿಕೆಯಲ್ಲಿ ಚಿನ್ನ ಬೆಳ್ಳಿಯ ದರ ಬರುವ ಕಡೆ ಇನ್ನೂ 'ಚಿನಿವಾರ ಪೇಟೆ' ಅಂತ ಇರುತ್ತದೆ. ಪೋತದಾರ ಮಾತ್ರ ಮನೆತನದ ಹೆಸರಾಗಿ ಉಳಿದಿದ್ದಾನೆ.

1800ರಲ್ಲಿ ನಮ್ಮ ಸೀಮೆ ನಿಜಾಮನಿಂದ ಕಂಪನಿಗೆ ಹೋಗಿ ದತ್ತಮಂಡಲವಾಯ್ತು. ಥಾಮಸ್ ಮನ್ರೋ 1807ರವರೆಗೆ ಇಲ್ಲಿ ಪ್ರಧಾನ ಕಲೆಕ್ಟರ್. ಅವನ ಕಾಲದ ಕಂದಾಯದ ಲೆಕ್ಕಗಳು ಸ್ಟಾರ್ ಪಗೋಡದಲ್ಲಿವೆ, ಅಂದರೆ ಮದ್ರಾಸಿನ ನಕ್ಷತ್ರದ ವರಾಹದಲ್ಲಿ. ರೈತನ ಕೈಯಲ್ಲಿದ್ದದ್ದು ಕಂಠೀರಾಯ ಹಣವೋ, ದುರ್ಗಿಯೋ, ಬಹಾದ್ದೂರಿಯೋ. ಪುಸ್ತಕದ ನಾಣ್ಯ ಒಂದು, ಕೈಯ ನಾಣ್ಯ ಇನ್ನೊಂದು. ಇವೆರಡರ ನಡುವಿನ ಸಂದಿಯಲ್ಲಿ ವಟ್ಟ ಕೂತಿತ್ತು. ಬಗೆ ಬಗೆಯ ನಾಣ್ಯಗಳ ನಡುವಿನ ದರವನ್ನಾದರೂ ಸರ್ಕಾರ ಪಟ್ಟಿ ಮಾಡಿ ಗೊತ್ತುಪಡಿಸಬಹುದು. ಒಂದೇ ಬಗೆಯ ಎರಡು ನಾಣ್ಯಗಳಲ್ಲಿ ಇದು ಹೊಳೆಯುತ್ತೆ, ಇದು ಕಂದಿದೆ ಅನ್ನುವ ವ್ಯತ್ಯಾಸಕ್ಕೆ ಪಟ್ಟಿ ಮಾಡಲಾಗುವುದಿಲ್ಲ. ಅಲ್ಲಿ ಪೋತದಾರನ ಕಣ್ಣೇ ಕಾನೂನು. 1818ರಲ್ಲಿ ಮದ್ರಾಸ್ ಪ್ರಾಂತ್ಯ ಬೆಳ್ಳಿ ರೂಪಾಯಿಗೆ ಬದಲಾಯ್ತು, ನೂರು ಪಗೋಡಕ್ಕೆ ಮುನ್ನೂರೈವತ್ತು ರೂಪಾಯಿಯಂತೆ. ಆಮೇಲೆ ವರಾಹ ಕಂದಾಯದಿಂದ ಹೊರಬಿದ್ದು ಒಡವೆಗೆ, ಮೂಸೆಗೆ, ನೆಲಕ್ಕೆ ಹೋಯಿತು.

ಇಷ್ಟು ಹೇಳಿದ ಮೇಲೆ ಚಿನಿವಾರನ ಪಕ್ಷದಿಂದಲೂ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ಅನುಮಾನಕ್ಕೆ ಕಾರಣವೇ ಇರಲಿಲ್ಲ ಅಂತಲ್ಲ. ಕಡಿಮೆ ಬಣ್ಣದ ಚಿನ್ನವನ್ನು ಉಪ್ಪು, ಪಟಿಕ, ಪೆಟ್ಲುಪ್ಪು ಸೇರಿಸಿ ಕಾಯಿಸಿದರೆ ಅಥವಾ ಹುಳಿಯಲ್ಲಿ ಕುದಿಸಿದರೆ ಮೇಲ್ಮೈಯ ತಾಮ್ರ, ಒಂದಿಷ್ಟು ಬೆಳ್ಳಿ ಕರಗಿಹೋಗಿ ತೆಳ್ಳನೆಯ ಶುದ್ಧ ಚಿನ್ನದ ಪದರ ಉಳಿಯುತ್ತದೆ. ಅಕ್ಕಸಾಲಿಗರು ಮೆರುಗು ಕೊಡೋದು ಈ ಗುಟ್ಟಿನಿಂದಲೇ. ನಾಣ್ಯಕ್ಕೂ ಹೀಗೆ ಮಾಡಬಹುದು. ಆಗ ಅದು ಹೊರಗೆ ಹದಿನೈದು ಬಣ್ಣ, ಒಳಗೆ ಹತ್ತು ಬಣ್ಣ. ಕೈ ಬದಲಾಗಿ ಪದರ ಸವೆದಂತೆ ಒಳಗಿನ ತಾಮ್ರ ಗಾಳಿಗೆ ಬಂದು ಕಂದುತ್ತದೆ. ಇಂಥ ನಾಣ್ಯದ ಕಲೆ ನಿಜ ಹೇಳುವ ಕಲೆ. 'ಬಣ್ಣ ಬಯಲಾಯ್ತು' ಅನ್ನುವ ನುಡಿಗಟ್ಟು ಇಲ್ಲಿಂದಲೇ ಬಂತು ಅಂತ ನಾನು ಸಾಧಿಸೋಕೆ ಹೋಗಲ್ಲ, ಆದರೆ ಇದಕ್ಕೆ ಇಷ್ಟು ಚೆನ್ನಾಗಿ ಒಪ್ಪುವ ಮಾತು ಇನ್ನೊಂದಿಲ್ಲ.

ಹಾಗಾಗಿ ಒಂದೇ ಕೆಂಪು ಚುಕ್ಕೆಗೆ ತದ್ವಿರುದ್ಧವಾದ ಎರಡು ಅರ್ಥ. ಕಳಪೆ ಹಣದಲ್ಲಿ ಅದು ಒಳಗಿನ ತಾಮ್ರ ಹೊರಗೆ ಬಂದ ಗುರುತು. ಸವರನ್‌ನಲ್ಲಿ ಅದು ಸರಿಯಾಗಿ ಕದಡದ ಒಂದು ಕಣ ಮಾತ್ರ. ಕಣ್ಣಿಗೆ ಎರಡೂ ಒಂದೇ. ಒರೆಗಲ್ಲಿನ ಮೇಲೆ ಹಗುರವಾಗಿ ಉಜ್ಜಿದರೆ ಮೇಲ್ಪದರದ ಗೆರೆ ಮಾತ್ರ ಬೀಳುತ್ತೆ, ಸ್ವಲ್ಪ ಆಳವಾಗಿ ತಿಕ್ಕಬೇಕು. ಖಚಿತವಾಗಿ ತಿಳಿಯೋಕೆ ಕರಗಿಸಲೇಬೇಕು, ಕರಗಿಸಿದರೆ ನಾಣ್ಯವೇ ಇರುವುದಿಲ್ಲ. ಈಗ ಅಂಗಡಿಗಳಲ್ಲಿ ಎಕ್ಸ್‌ರೇ ಕಿರಣದ ಕ್ಯಾರೆಟ್ ಯಂತ್ರ ಬಂದಿದೆ, ಕರಗಿಸದೆ ಶೇಕಡಾವಾರು ತೋರಿಸುತ್ತದೆ. ಅದೂ ಮೈಕ್ರಾನುಗಳ ಲೆಕ್ಕದಷ್ಟು ಮೇಲ್ಪದರವನ್ನೇ ಓದುವುದು. ಕಲೆಯ ಮೇಲೇ ಇಟ್ಟು ಓದಿಸಿದರೆ ತಾಮ್ರ ಜಾಸ್ತಿ ಅನ್ನುತ್ತೆ, ಒಂದು ಕೂದಲೆಳೆ ಪಕ್ಕಕ್ಕೆ ಸರಿಸಿದರೆ 916 ಅನ್ನುತ್ತೆ. ಎಲ್ಲಿ ಇಡಬೇಕು ಅನ್ನೋದು ಇವತ್ತೂ ಇಡುವವನ ಕೈಯಲ್ಲೇ ಇದೆ.

ಸಾಹಿತ್ಯದ ಕಡೆಗೆ ಒಂದು ಸಣ್ಣ ಸುತ್ತು ಹೋಗಿ ಬರ್ತೇನೆ. ಪುರಂದರದಾಸರು ದಾಸರಾಗುವ ಮುಂಚೆ ಶ್ರೀನಿವಾಸ ನಾಯಕ ಎಂಬ ಚಿನಿವಾರ ಆಗಿದ್ದರು ಅನ್ನುವ ಐತಿಹ್ಯ ನಿಮಗೆಲ್ಲ ಗೊತ್ತಿದೆ. ನಾವು ಮೂಗುತಿಯ ಪ್ರಸಂಗವನ್ನೇ ಹೆಚ್ಚು ಹೇಳ್ತೇವೆ. ಅದಕ್ಕೂ ಮುಂಚೆ ಇನ್ನೊಂದು ಘಟನೆ ಬರುತ್ತೆ. ಪೀಡಿಸುವ ಬಡ ಬ್ರಾಹ್ಮಣನನ್ನು ಸಾಗಹಾಕೋಕೆ ನಾಯಕ ಅವನ ಮುಂದೆ ಸುರಿಯುವುದು ಸವಕಲು ನಾಣ್ಯಗಳ ರಾಶಿ: ಇದರಲ್ಲಿ ಒಂದನ್ನು ಆರಿಸಿಕೊಂಡು ಹೋಗು. ನಾನು ಈ ಕತೆಯನ್ನು ಚಿಕ್ಕಂದಿನಿಂದ ಜಿಪುಣತನದ ಕತೆ ಅಂತಲೇ ಕೇಳಿದ್ದೆ. ಈಗ ಬೇರೆ ಒಂದು ಪ್ರಶ್ನೆ ಏಳುತ್ತದೆ. ಆ ರಾಶಿ ಚಿನಿವಾರನ ಮನೆಗೆ ಬಂದದ್ದು ಹೇಗೆ? ಯಾರು ಯಾರೋ ತಂದುಕೊಟ್ಟು, ವಟ್ಟ ಮುರಿಸಿಕೊಂಡು, ಅರ್ಧ ಬೆಲೆಗೆ ಬಿಟ್ಟುಹೋದ ನಾಣ್ಯಗಳಲ್ಲವೇ ಅವು? ಅದೇ ನಾಣ್ಯ ದಾನದ ಹೊತ್ತಿಗೆ ಮತ್ತೆ ಪೂರ್ತಿ ನಾಣ್ಯವಾಗುತ್ತದೆ. ವಿಮರ್ಶೆಯಲ್ಲಿ ನಾವು ಹಳಸಿದ ಮಾತಿಗೆ 'ಸವಕಲು ನಾಣ್ಯ' ಅಂತೀವಿ, ಕೃತಿಯನ್ನು 'ಒರೆಗೆ ಹಚ್ಚುತ್ತೇವೆ'. ಅಂದರೆ ವಿಮರ್ಶಕರು ಬಳಸುವ ಈ ಪರಿಭಾಷೆ ಅಂಗಡಿಯ ಗಾದಿಯ ಮೇಲೆ ಕೂತವನದ್ದು, ಕಟ್ಟೆಯ ಈಚೆ ಸೆರಗು ಹಿಡಿದು ನಿಂತವರದ್ದಲ್ಲ.

ಗಡಿಯವನಾಗಿ ನನಗೆ ಇನ್ನೊಂದು ಪದದ ಮೇಲೆ ಮೋಹ. ಕನ್ನಡದಲ್ಲಿ ನಾಣ್ಯ ಅಂದರೆ ಟಂಕಿಸಿದ ಕಾಸು. ತೆಲುಗಿನಲ್ಲಿ ಕಾಸಿಗೆ 'ನಾಣೆಂ', ಗುಣಮಟ್ಟಕ್ಕೆ 'ನಾಣ್ಯತ'. ನಮ್ಮೂರಿನ ಸಂತೆಯಲ್ಲಿ ಸೀರೆ ಮಾರುವವರು 'ನಾಣ್ಯಂ ಚೂಡಂಡಿ' ಅಂದರೆ ಬಟ್ಟೆಯ ಗುಣ ನೋಡಿ ಅಂತ. ಎರಡೂ ಭಾಷೆ ಆಡುವ ಮನೆಯಲ್ಲಿ ಬೆಳೆದವರಿಗೆ ಕಾಸು ಮತ್ತು ಅದರ ಗುಣ ಒಂದೇ ಪದದ ಎರಡು ಮುಖ.

ಈಗ ಸವರನ್‌ಗೆ ವಾಪಸ್. 1899ರ ಕಾಯ್ದೆ ಇದನ್ನು ಭಾರತದಲ್ಲಿ ಹದಿನೈದು ರೂಪಾಯಿಗೆ ಸಲ್ಲುವ ಅಧಿಕೃತ ನಾಣ್ಯ ಮಾಡಿತು. 1918ರಲ್ಲಿ ಮುಂಬಯಿಯಲ್ಲೇ ಸವರನ್ ಟಂಕಿಸಿದ್ದೂ ಉಂಟು. ಯಂತ್ರದಲ್ಲಿ ಅಚ್ಚಾದ ನಾಣ್ಯ, 7.988 ಗ್ರಾಂ ತೂಕ, ಅದರಲ್ಲಿ 7.32 ಗ್ರಾಂ ಶುದ್ಧ ಚಿನ್ನ. ಬಳಕೆಯಿಂದ ಸವೆದರೂ 122.5 ಗ್ರೇನ್, ಅಂದರೆ ಸುಮಾರು 7.938 ಗ್ರಾಂವರೆಗೆ ಅದು ಪೂರ್ಣ ಬೆಲೆಗೆ ಸಲ್ಲಬೇಕು ಅಂತ ಬ್ರಿಟಿಷ್ ಕಾನೂನು ಗೊತ್ತುಮಾಡಿತ್ತು. ನನಗೆ ಇದು ಬಹಳ ಮುಖ್ಯ ಅನಿಸಿದ್ದು ಯಾಕೆಂದರೆ, ಸವಕಳಿಗೆ ಒಂದು ಅಂಕಿ ಬಂತು. ಇಲ್ಲಿಯವರೆಗೆ ಸರಿ, ಇದಕ್ಕಿಂತ ಕೆಳಗೆ ಇಲ್ಲ. ಚಿನಿವಾರನ ಕಣ್ಣಿನ ಜಾಗದಲ್ಲಿ ತಕ್ಕಡಿ ಕೂತಿತು. ಬಣ್ಣಕ್ಕೆ ಇಂಥ ಅಂಕಿ ಬೇಕಾಗಲೇ ಇಲ್ಲ, ಟಂಕಸಾಲೆಯ ಮುದ್ರೆಯೇ ಅದಕ್ಕೆ ಹೊಣೆ ಹೊತ್ತಿತ್ತು. ಆ ಕಾಯ್ದೆಯ ದರ ಜಾರಿಯಲ್ಲಿದ್ದಾಗ ರೊಳ್ಳದ ಹೆಂಗಸೊಬ್ಬಳು ಕಲೆ ಇದ್ದ ಸವರನ್ ತಂದರೂ ಖಜಾನೆಯಲ್ಲಿ ಹದಿನೈದು ರೂಪಾಯಿ ಪೂರ್ತಿ ಕೇಳುವ ಹಕ್ಕು ಅವಳಿಗಿತ್ತು. ಆ ಹಕ್ಕು ಹೋದದ್ದು ಕಾಸು ಚಲಾವಣೆಯಿಂದ ಹೋಗಿ ಬರೀ ಚಿನ್ನವಾದಾಗ.

ಇಲ್ಲಿ ನನ್ನ ವಾದಕ್ಕೇ ಸ್ವಲ್ಪ ಪೆಟ್ಟು ಕೊಡುವ ಒಂದು ವಿಷಯವಿದೆ, ಮುಚ್ಚಿಡೋದು ಸರಿಯಲ್ಲ. ಕಾಸಿನ ಸರ ಮಾಡುವಾಗ ಪ್ರತಿ ಕಾಸಿಗೂ ಕೊಂಡಿ ಬೆಸೆಯುತ್ತಾರೆ. ಬೆಸುಗೆಯ ಲೋಹ ಕಾಸಿಗಿಂತ ಬೇಗ ಕರಗಬೇಕು, ಅದಕ್ಕೆ ಅದರಲ್ಲಿ ತಾಮ್ರ, ಬೆಳ್ಳಿ ಹೆಚ್ಚು. ಬೆಸೆಯುವ ಬಿಸಿಗೆ ಕಾಸಿನ ಮೇಲ್ಮೈಯ ತಾಮ್ರವೂ ಕಂದುತ್ತದೆ. ಅಜ್ಜಿಯ ಕಾಸಿನ ಕಲೆ ಇರುವುದು ಕೊಂಡಿಯ ಪಕ್ಕದಲ್ಲಿ. ಹಾಗಾಗಿ ಅದು ಟಂಕಸಾಲೆಯಿಂದ ಬಂದ ಚುಕ್ಕೆಯೂ ಆಗಿರಬಹುದು, ಅಕ್ಕಸಾಲಿಗನ ಬೆಸುಗೆ ಹರಿದ ಗುರುತೂ ಆಗಿರಬಹುದು. ಬೆಸುಗೆಗೆ ಅಂತ ಒಂದಿಷ್ಟು ಮುರಿದುಕೊಳ್ಳುವುದು ನ್ಯಾಯವೇ. ನನ್ನ ತಕರಾರು ಏನಂದರೆ ಅಂಗಡಿಯಲ್ಲಿ ಬೆಸುಗೆಯನ್ನು ತೂಗಲಿಲ್ಲ. ಕಲೆಯನ್ನು ತೋರಿಸಿದರು, ಅಷ್ಟೇ. ಬೆಸುಗೆಗೆ ತೂಕ ಇದೆ, ಲೆಕ್ಕ ಕೇಳಬಹುದು. 'ಕಲೆ' ಅನ್ನುವ ಪದಕ್ಕೆ ತೂಕ ಇಲ್ಲ, ಎಷ್ಟು ಬೇಕಾದರೂ ಮುರಿದುಕೊಳ್ಳಬಹುದು.

ಕಲೆಯಿಂದ ಬೆಲೆ ಏರಿದ್ದೂ ಉಂಟು, ಅದನ್ನು ಹೇಳಿ ಮುಗಿಸ್ತೇನೆ. ಇಟಲಿಯ ಬೊಸ್ಕೊರಿಯಾಲೆಯಲ್ಲಿ 1895ರಲ್ಲಿ ವೆಸುವಿಯಸ್ ಬೂದಿಯಡಿ ಸುಮಾರು ಸಾವಿರ ರೋಮನ್ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿತು. ಅವುಗಳಲ್ಲಿ ಅನೇಕಕ್ಕೆ ಕೆಂಪು, ನೇರಳೆ ಛಾಯೆ ಬಂದಿತ್ತು. ಇವತ್ತು ಆ ಛಾಯೆ ಇರುವ ನಾಣ್ಯಕ್ಕೆ ಸಂಗ್ರಹಕಾರರು ಹೆಚ್ಚು ಬೆಲೆ ಕೊಡುತ್ತಾರೆ, ಏಕೆಂದರೆ ಅದು ಎಲ್ಲಿಂದ ಬಂತು ಅನ್ನುವುದನ್ನು ಬಣ್ಣವೇ ಹೇಳುತ್ತದೆ. ಉಜ್ಜಿ ತೊಳೆದರೆ ಬೆಲೆ ಬೀಳುತ್ತೆ. ನಾಣ್ಯಗಳಿಗೆ ದರ್ಜೆ ಕೊಡುವ ಸಂಸ್ಥೆಗಳೂ ತಿಕ್ಕಿ ತೊಳೆದ ನಾಣ್ಯವನ್ನು ಕೆಳಗಿಡುತ್ತವೆ. ನಮ್ಮಲ್ಲಿ ಇದಕ್ಕೆ ಉಲ್ಟಾ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹಳೆಯ ಹೊನ್ನು ಸಿಕ್ಕರೆ ಮೊದಲ ಕೆಲಸ ಹುಣಸೆಹಣ್ಣು, ಇಲ್ಲ ಅಂಟವಾಳದ ಕಾಯಿ. ಎರಡನೆಯದು ಮೂಸೆ. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಅನ್ನುವ ಕಾನೂನು 1878ರಿಂದ ಇದೆ, ಕಾನೂನಿನ ಹೆದರಿಕೆಯೇ ಮೂಸೆಯ ಕಡೆಗೆ ಅವಸರ ಮಾಡಿಸುತ್ತದೆ. ನೊಳಂಬರ ನೆಲ, ಪೆನುಕೊಂಡದ ಅಂಚು ಇದು. ನಾಣ್ಯಕ್ಕೆ ಅಂಟಿದ ಮಣ್ಣು, ಮಡಕೆಯ ತಾಮ್ರದಿಂದ ಇಳಿದ ಹಸಿರು, ಪಕ್ಕದ ನಾಣ್ಯದ ಅಚ್ಚು ಒತ್ತಿದ ಕಂದು ಗುರುತು, ಇವೆಲ್ಲ ಶಾಸನದಷ್ಟೇ ಓದಬೇಕಾದವು. ಗದ್ಯಾಣ ಎಷ್ಟು ದಾನ ಕೊಟ್ಟರು ಅಂತ ಶಾಸನ ಹೇಳುತ್ತದೆ, ಆ ಗದ್ಯಾಣ ಆಮೇಲೆ ಎಲ್ಲಿ ಮಲಗಿತ್ತು ಅಂತ ಹೇಳೋದು ಕಲೆ. ನಾವು ತೊಳೆಯೋದು ಅದನ್ನೇ.

ನನ್ನ ಮಂಡನೆ ಇಷ್ಟು. ಪ್ರಶ್ನೆಗಳಿದ್ದರೆ ಕೇಳಿ.

(ಚರ್ಚೆಯಿಂದ)

ಪ್ರಶ್ನೆ, ಒಬ್ಬ ಅಧ್ಯಾಪಕರಿಂದ: ಚಿನಿವಾರನನ್ನು ನೀವು ಖಳನಾಯಕ ಮಾಡಿದ ಹಾಗಾಗಲಿಲ್ಲವೇ? ನೂರು ಬಗೆಯ ನಾಣ್ಯ ಓಡಾಡುವಾಗ ಯಾರಾದರೂ ಒಬ್ಬರು ನೋಡಿ ಹೇಳಲೇಬೇಕಿತ್ತಲ್ಲ?

ಉತ್ತರ: ಒಪ್ತೇನೆ ಸರ್. ಅವನಿಲ್ಲದೆ ಗುತ್ತಿಯ ವರಾಹ ಶಿರಾದಲ್ಲಿ ಸಲ್ಲುತ್ತಲೇ ಇರಲಿಲ್ಲ. ಅವನ ವಿದ್ಯೆ ದೊಡ್ಡದು. ಅಬುಲ್ ಫಜಲ್ ಕೂಡ 'ಐನೆ ಅಕ್ಬರಿ'ಯಲ್ಲಿ ಚಿನ್ನದ ಬಣ್ಣ ನೋಡುವವರ ಕುಶಲತೆಗೆ ಜಾಗ ಕೊಟ್ಟಿದ್ದಾನೆ. ಅಲ್ಲಿ ಒಂದು ಪದ್ಧತಿ ಇದೆ. ಮೊದಲೇ ಬಣ್ಣ ಗೊತ್ತಿರುವ ಚಿನ್ನದ ಮಾದರಿಗಳನ್ನು ಇಟ್ಟುಕೊಂಡು, ಅವುಗಳ ಗೆರೆಯ ಪಕ್ಕದಲ್ಲಿ ಪರೀಕ್ಷೆಯ ಚಿನ್ನದ ಗೆರೆ ಎಳೆದು ಹೋಲಿಸುವುದು. ಹಾಗೆ ಎರಡು ಗೆರೆ ಪಕ್ಕಪಕ್ಕ ಎಳೆದರೆ ತಂದವರೂ ನೋಡಬಹುದು. ಒಂದೇ ಗೆರೆ ಎಳೆದು 'ಕಮ್ಮಿ' ಅಂದರೆ ಅವರಿಗೆ ನೋಡೋಕೆ ಏನೂ ಉಳಿಯೋದಿಲ್ಲ.

ಪ್ರಶ್ನೆ, ಸಹಪಾಠಿಯೊಬ್ಬರಿಂದ: ಅಜ್ಜಿಯ ಕಾಸು ಏನಾಯ್ತು?

ಉತ್ತರ: ಇದೇ ಪ್ರಬಂಧದ ನೆಪದಲ್ಲಿ ನಮ್ಮ ಕಡೆಯ ಒಬ್ಬ ಹಿರಿಯ ಅಕ್ಕಸಾಲಿಗರ ಹತ್ತಿರ ಹೋಗಿದ್ದೆವು. ಅವರು ಕೊಂಡಿ ಬಿಡಿಸಿ, ಬೆಸುಗೆಯನ್ನು ಅರದಿಂದ ತೆಗೆದು, ಅದನ್ನು ಬೇರೆ, ಕಾಸನ್ನು ಬೇರೆ ತೂಗಿದರು. ಕಾಸು 7.95 ಗ್ರಾಂ ಬಂತು. ಆಗಿನ ಬ್ರಿಟಿಷ್ ಕಾನೂನಿನ ಲೆಕ್ಕದಲ್ಲಾದರೆ ಅದು ಪೂರ್ತಿ ಹದಿನೈದು ರೂಪಾಯಿಗೆ ಸಲ್ಲುತ್ತಿತ್ತು. ಕಲೆ ತೆಗೆದುಕೊಡಲಾ ಅಂತ ಕೇಳಿದರು, ಅಜ್ಜಿ ಬೇಡ ಅಂದರು. ಈಗ ಸರದಲ್ಲಿ ಆರು ಕಾಸು, ಏಳನೆಯದು ಅರಿಶಿನದ ಬಟ್ಟೆಯಲ್ಲಿ ಬೇರೆ ಇದೆ.